ಅಜ್ಜಿಯ ಮದ್ದು, ಅಜ್ಜಿಯ ಕೈಗುಣ

ಪ್ರಶ್ನೆ: ನಮಸ್ತೆ ಮೇಡಂ. ಶಿರಸಿ ಹತ್ತಿರದ ಹಳ್ಳಿಯವಳು ನಾನು. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ನನ್ನ ಅಜ್ಜಿ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಾರೆ. ಕುಮಟಾ, ಹೊನ್ನಾವರದಿಂದಲೂ ಜನ ಬರುತ್ತಾರೆ. ಎಂಬಿಬಿಎಸ್ ಓದುತ್ತಿರುವ ಅಣ್ಣ 'ಅದೆಲ್ಲ ಪ್ಲಸೀಬೊ (ಔಷಧದ ಅಂಶವೇ ಇಲ್ಲದ ಹುಸಿ ಮದ್ದು), ಸುಮ್ನೆ ನಂಬಿಕೆ' ಅನ್ನುತ್ತಾನೆ. ನನಗೆ ಇದನ್ನೇ ಓದುವ ಆಸೆ. ಅಂಥ ಓದು, ಕೆಲಸ ಇದೆಯಾ?

ಉತ್ತರ: ಇದೆ. ಜನ ರೋಗವನ್ನು, ಮದ್ದನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಅಂತ ಓದುವ ಈ ವಿಷಯಕ್ಕೆ ವೈದ್ಯಕೀಯ ಮಾನವಶಾಸ್ತ್ರ ಅಂತಾರೆ. ನಾನು ಅದೇ ಕೆಲಸದಲ್ಲಿದ್ದೇನೆ.

ಮೊದಲು ಅಣ್ಣನ ಮಾತು. ಹೆಪಟೈಟಿಸ್ ಎ ವೈರಸ್‌ನಿಂದ ಬಂದ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಮದ್ದಿನಿಂದಲೇ ವಾಸಿಯಾಯಿತು ಅನ್ನುವುದು ಕಷ್ಟ. ಆದರೆ ಇಲಿ ಮೂತ್ರ ಸೇರಿದ ನೀರು, ಕೆಸರಿನಿಂದ ಬರುವ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದಕ್ಕೆ ಆಂಟಿಬಯೋಟಿಕ್ ತಡವಾದರೆ ಜೀವಕ್ಕೇ ಅಪಾಯ. ಮಳೆಗಾಲದಲ್ಲಿ ಗದ್ದೆಗೆ ಇಳಿದವರು ಜ್ವರ, ಹಳದಿ ಕಣ್ಣು ಅಂತ ಬಂದರೆ, 'ಮೊದಲು ಆಸ್ಪತ್ರೆಗೆ ಹೋಗಿ ರಕ್ತ ತೋರಿಸು' ಅಂತ ಅಜ್ಜಿಯೇ ಹೇಳಲಿ. ಅವರ ಮಾತನ್ನು ಜನ ಕೇಳುತ್ತಾರೆ, ಅಲ್ವಾ?

ಆದರೆ ಪ್ಲಸೀಬೊ ಅಂದರೆ 'ಏನೂ ಇಲ್ಲ' ಅಂತ ಅಲ್ಲ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗ ನಡೆಯಿತು. ಔಷಧವಿಲ್ಲದ ಚುಚ್ಚುಮದ್ದಿನಿಂದಲೇ ಕೆಲವರ ನೋವು ಕಡಿಮೆಯಾಗಿತ್ತು. ಅವರಿಗೆ ನಾಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಜಾಸ್ತಿಯಾಯಿತು. ನಾಲಾಕ್ಸೋನ್ ಅಫೀಮಿನಂಥ ಔಷಧಗಳನ್ನು ತಡೆಯುವ ಮದ್ದು. ಅಂದರೆ ಮೆದುಳು ತನ್ನದೇ ನೋವಿನ ಮದ್ದನ್ನು ತಯಾರಿಸಿಕೊಂಡಿತ್ತು.

ಡೇನಿಯಲ್ ಮೋರ್ಮನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ಸಕ್ಕರೆ ಗುಳಿಗೆಯಲ್ಲಿ ಏನೂ ಇಲ್ಲದ ಮೇಲೆ ಅದು ಏನೂ ಮಾಡಲಾರದು. ಕೆಲಸ ಮಾಡುವುದು ರೋಗಿ ಅದರಲ್ಲಿ ಕಾಣುವ ಅರ್ಥ ಅಂದರು. ನಮ್ಮ ಜನ ಇದಕ್ಕೆ ಹತ್ತಿರದ ಮಾತೊಂದನ್ನು ಮೊದಲೇ ಇಟ್ಟುಕೊಂಡಿದ್ದಾರೆ. ಕೈಗುಣ! ಒಂದೇ ಗುಳಿಗೆ, ಆದರೆ 'ಆ ಡಾಕ್ಟರ ಕೈಗುಣ ಚೆನ್ನಾಗಿದೆ' ಅನ್ನುತ್ತೇವೆ. ನನಗೆ ಈ ಪದದ ಮೇಲೆ ತುಂಬ ಪ್ರೀತಿ.

ಹಾಗಂತ ಎಲ್ಲವೂ ಕೈಗುಣವಲ್ಲ. ಸರ್ಪಗಂಧದ ಬೇರಿನಿಂದ 1952ರಲ್ಲಿ ರೆಸರ್ಪಿನ್ ಬೇರ್ಪಡಿಸಿದರು. ಅದು ರಕ್ತದೊತ್ತಡವನ್ನು ನಿಜವಾಗಿಯೂ ಇಳಿಸುತ್ತದೆ. ಮೋರ್ಮನ್ ಕೂಡ ಅಮೆರಿಕದ ಮೂಲನಿವಾಸಿಗಳ ಔಷಧಿ ಗಿಡಗಳನ್ನು ದಶಕಗಳ ಕಾಲ ಪಟ್ಟಿ ಮಾಡಿದವರು. ಜನ ಸಿಕ್ಕಿದ ಗಿಡವನ್ನೆಲ್ಲ ಮದ್ದು ಮಾಡಿಲ್ಲ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಸೂರ್ಯಕಾಂತಿ ಕುಟುಂಬದ ಗಿಡಗಳು ಅದರಲ್ಲಿ ಜಾಸ್ತಿ, ಹುಲ್ಲಿನ ಕುಟುಂಬದವು ತೀರಾ ಕಡಿಮೆ. ಇಂಥ ಲೆಕ್ಕ ನಿಮ್ಮೂರಿನ ಮದ್ದಿನ ಗಿಡಗಳಿಗೂ ಹಾಕಬಹುದು. ಸಸ್ಯಶಾಸ್ತ್ರ ಓದಿದ ನಿಮಗೆ ಗಿಡ ಗುರುತಿಸುವುದು ಗೊತ್ತು. ಅದು ದೊಡ್ಡ ಬಲ.

ಓದಿನ ದಾರಿ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಎಂಎ ಇದೆ. ಆಮೇಲೆ ನೆಟ್ (ಕಾಲೇಜಿನಲ್ಲಿ ಪಾಠ ಮಾಡಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಪಿಎಚ್‌ಡಿ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಕೇಂದ್ರ ಮೈಸೂರಿನಲ್ಲಿದೆ. ಕಾಲೇಜು, ಆರೋಗ್ಯ ಯೋಜನೆಗಳು, ಸ್ವಯಂಸೇವಾ ಸಂಸ್ಥೆಗಳಲ್ಲೂ ಕೆಲಸ ಸಿಗುತ್ತದೆ. ಹುದ್ದೆಗಳು ಕಡಿಮೆ, ಕಾಯಬೇಕಾಗುತ್ತದೆ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ನನ್ನದೊಂದು ತಪ್ಪು ಹೇಳುತ್ತೇನೆ. ಮೊದಲ ಸಲ ಅಂಕೋಲಾ ಕಡೆ ಹೋದಾಗ ಒಬ್ಬ ಅಜ್ಜಿಯ ಹತ್ತಿರ ಬರೀ ಗಿಡದ ಹೆಸರು ಬರೆದುಕೊಂಡು, ಎಲೆಗಳನ್ನು ತೆಗೆದುಕೊಂಡು ಬಂದೆ. ಅವರು ರೋಗಿಯನ್ನು ಎಲ್ಲಿ ಕೂರಿಸುತ್ತಿದ್ದರು, ಏನು ಕೇಳುತ್ತಿದ್ದರು, ಪಥ್ಯ ಹೇಗೆ ಹೇಳುತ್ತಿದ್ದರು, ಒಂದನ್ನೂ ಬರೆಯಲಿಲ್ಲ. ಎರಡು ವರ್ಷ ಬಿಟ್ಟು ಹೋದಾಗ ಅವರು ಇರಲಿಲ್ಲ. ಎಲೆಗಳು ಈಗಲೂ ನನ್ನ ಹತ್ತಿರ ಇವೆ.

ನಿಮ್ಮ ಅಜ್ಜಿ ಇದ್ದಾರೆ. ಮದ್ದಿನ ಹೆಸರು ಹೊರಗೆ ಹೇಳಬಾರದು ಅಂದರೆ ಆ ಜಾಗ ಖಾಲಿ ಬಿಡಿ. ರೋಗಿ ಒಪ್ಪಿದರೆ ಮಾತ್ರ ಪಕ್ಕದಲ್ಲಿ ಕುಳಿತು ಉಳಿದದ್ದನ್ನು ಬರೆಯಿರಿ. ಇದೇ ಮಳೆಗಾಲದಿಂದ ಶುರು ಮಾಡಿ.