ಎರ್ಹು ವಾದ್ಯದ ನಾದ ಮನುಷ್ಯರ ದನಿಯಂತೆ ಕೇಳಿಸುವುದೇಕೆ?

ಕಾರಣ ಆ ಚೀನೀ ವಾದ್ಯದ ರಚನೆಯಲ್ಲೇ ಇದೆ. ಎರ್ಹುವಿಗೆ ಇರುವುದು ಎರಡೇ ತಂತಿ; 'ಎರ್' ಎಂದರೆ ಎರಡು. ಪಿಟೀಲಿನಲ್ಲಿರುವಂತೆ ಬೆರಳೊತ್ತುವ ಹಲಗೆ ಇದಕ್ಕಿಲ್ಲ. ತಂತಿಗಳು ದಂಡದಿಂದ ದೂರ, ಗಾಳಿಯಲ್ಲೇ ಬಿಗಿದು ನಿಂತಿರುತ್ತವೆ. ಬೆರಳಿನ ಒತ್ತಡ ಕೊಂಚ ಹೆಚ್ಚಾದರೂ ಸ್ವರ ಮೇಲೇರುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವಾಗ ಗಂಟಲಿನ ನಡುಕ, ಬಿಕ್ಕು, ನಿಟ್ಟುಸಿರು ಎಲ್ಲವೂ ಸಹಜವಾಗಿ ಮೂಡುವುದು ಇದರಿಂದಲೇ.

ಬುಡದಲ್ಲಿರುವ ಪುಟ್ಟ ಮರದ ಪೆಟ್ಟಿಗೆಗೆ ಸಾಮಾನ್ಯವಾಗಿ ಆರು ಇಲ್ಲವೇ ಎಂಟು ಮೂಲೆ; ಅದರ ಮುಂಬದಿಗೆ ಹೆಬ್ಬಾವಿನ ಚರ್ಮ ಬಿಗಿದಿರುತ್ತಾರೆ. ನಾದಕ್ಕೆ ಮೂಗಿನಿಂದ ಹಾಡಿದಂಥ ಛಾಯೆ ಬರುವುದರಲ್ಲಿ ಈ ಚರ್ಮದ ಪಾತ್ರ ದೊಡ್ಡದು. ಬಿಲ್ಲಿನ ಕುದುರೆಕೂದಲು ಎರಡು ತಂತಿಗಳ ನಡುವೆಯೇ ಸೇರಿಕೊಂಡಿರುತ್ತದೆ. ವಾದಕರು ಅದನ್ನು ಬೆರಳಿನಿಂದ ತಮ್ಮತ್ತ ಸೆಳೆದರೆ ಒಳತಂತಿ ನುಡಿಯುತ್ತದೆ, ಆಚೆ ಒತ್ತಿದರೆ ಹೊರತಂತಿ.

ಎರ್ಹು ಎಂದರೆ ಬರೀ ಶೋಕ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹ್ವಾಂಗ್ ಹೈಹ್ವಾಯ್ ರಚಿಸಿದ 'ಕುದುರೆ ಪಂದ್ಯ' ಕೇಳಿ: ಬಿಲ್ಲು ಗೊರಸಿನ ಸದ್ದಿನಂತೆ ಓಡುತ್ತದೆ, ನಡುವೆ ಕುದುರೆಗಳು ಕೆನೆಯುತ್ತವೆ! ಆಮೇಲೆ ವೂಶಿ ನಗರದ ಬೀದಿಗಳಲ್ಲಿ ನುಡಿಸುತ್ತಿದ್ದ ಅಂಧ ಕಲಾವಿದ ಆಬಿಂಗ್ ಅವರ 'ಎರಡನೇ ಚಿಲುಮೆಯಲ್ಲಿ ಚಂದ್ರಬಿಂಬ' ಕೇಳಿ. 1950ರಲ್ಲಿ, ಅವರು ತೀರಿಕೊಂಡ ವರ್ಷವೇ, ಅದರ ಧ್ವನಿಮುದ್ರಣವಾಯಿತು. ಅಲ್ಲಿ ಬಿಲ್ಲು ನಿಧಾನವಾಗಿ ಎಳೆದಂತೆ ಒಂದೇ ಸ್ವರ ಉಬ್ಬಿ, ತೆಳುವಾಗಿ, ಮತ್ತೆ ತುಂಬಿಕೊಳ್ಳುತ್ತದೆ.