ಹುಡುಕಿದ್ದು ಸಿಗಲಿಲ್ಲವೇ? ಡಿಜಿಟಲ್ ಸಂಗ್ರಹಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಹಳೆಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಓದುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಈ ಸಲ ಇಷ್ಟೊಂದು ಪತ್ರಗಳು ಬಂದಿವೆ. ಎಲ್ಲಕ್ಕೂ ಉತ್ತರಿಸಲು ಜಾಗ ಸಾಲದು, ಜಾಸ್ತಿ ಜನ ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಮೇಷ್ಟ್ರು ಯಾವಾಗಲೂ 'ಡಿಜಿಟಲ್ ಆರ್ಕೈವ್ ನೋಡಮ್ಮ' ಅಂತಾರೆ. ಯಾವುದು ಅಂತ ನೋಡಲಿ ಸರ್? ಎಲ್ಲಾ ಒಂದೇ ತಾನೆ? — ಒಬ್ಬ ವಿದ್ಯಾರ್ಥಿನಿ

ಒಂದೇ ಅಲ್ಲಮ್ಮ. ಹೆಸರು ಒಂದೇ, ಒಳಗಿರುವ ಸರಕು ತೀರಾ ಬೇರೆ ಬೇರೆ. ಒಂದೊಂದು ಸಂಗ್ರಹ ಯಾಕೆ ಹುಟ್ಟಿತು ಅಂತ ಮೊದಲು ತಿಳಿದುಕೊಳ್ಳಿ, ಅದರಲ್ಲಿ ಏನು ಸಿಗುತ್ತೆ ಅನ್ನೋದು ತಾನಾಗಿ ಹೊಳೆಯುತ್ತದೆ.

ಭೌತವಿಜ್ಞಾನಿಗಳು ತಮ್ಮ ಲೇಖನಗಳನ್ನು ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅನ್ನುವವರು ಅದನ್ನೇ ಕಂಪ್ಯೂಟರಿಗೆ ತಂದರು. ಅದೇ ಇವತ್ತಿನ ಆರ್ಕೈವ್, ಇಂಗ್ಲಿಷಿನಲ್ಲಿ ನಡುವೆ ಎಕ್ಸ್ ಅಕ್ಷರ ಇಟ್ಟು ಬರೆಯುತ್ತಾರೆ. ಅಲ್ಲಿ 20 ಲಕ್ಷಕ್ಕೂ ಜಾಸ್ತಿ ಲೇಖನಗಳಿವೆ, ಆದರೆ ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ವಿಜ್ಞಾನ ಇಂಥವೇ ಹೆಚ್ಚು, ನಿಮ್ಮ ಕೆಲಸಕ್ಕೆ ಅಷ್ಟಾಗಿ ಆಗುವುದಿಲ್ಲ. ಜೇಸ್ಟೋರ್ ಹುಟ್ಟಿದ ಕಾರಣ ಬೇರೆ. ಹಳೆಯ ಸಂಶೋಧನಾ ಪತ್ರಿಕೆಗಳ ಸಂಪುಟಗಳಿಂದ ಗ್ರಂಥಾಲಯಗಳ ಕಪಾಟುಗಳು ತುಂಬಿ ಹೋಗುತ್ತಿದ್ದವು. ಅವನ್ನು ಸ್ಕ್ಯಾನ್ ಮಾಡಿ ಒಂದೇ ಕಡೆ ಇಟ್ಟರೆ ಎಲ್ಲರಿಗೂ ಜಾಗ ಉಳಿಯುತ್ತದೆ ಅಂತ 1990ರ ದಶಕದ ನಡುವೆ ಶುರು ಮಾಡಿದರು. ಹಾಗಾಗಿ ಅಲ್ಲಿ ಹಳೆಯ ಸಂಚಿಕೆಗಳು ಚೆನ್ನಾಗಿ ಸಿಗುತ್ತವೆ, ಎಷ್ಟೋ ಪತ್ರಿಕೆಗಳ ಕಳೆದ ಕೆಲವು ವರ್ಷಗಳ ಸಂಚಿಕೆಗಳು ಮಾತ್ರ ಇರುವುದಿಲ್ಲ. ಇದು ತಿಳಿಯದೆ 'ನನ್ನ ವಿಷಯದ ಮೇಲೆ ಈಚೆಗೆ ಯಾರೂ ಬರೆದೇ ಇಲ್ಲ' ಅಂತ ತೀರ್ಮಾನಿಸಿ ಪ್ರಬಂಧ ಬರೆದವರನ್ನು ನಾನು ಕಂಡಿದ್ದೇನೆ.

ಇವೆರಡೂ ಪಂಡಿತರು ಬರೆದದ್ದರ ಸಂಗ್ರಹ. ಮೂಲ ದಾಖಲೆಯ ರುಚಿ ಹತ್ತಬೇಕು ಅಂದರೆ ಓಲ್ಡ್ ಬೇಲಿ ಅನ್ನುವ ನ್ಯಾಯಾಲಯದ ಆನ್‌ಲೈನ್ ಸಂಗ್ರಹ ನೋಡಿ. ಲಂಡನ್ನಿನ ಆ ನ್ಯಾಯಾಲಯದಲ್ಲಿ 1674ರಿಂದ 1913ರವರೆಗೆ ನಡೆದ ವಿಚಾರಣೆಗಳ ಅಚ್ಚಾದ ವರದಿಗಳು ಅಲ್ಲಿವೆ, ಸುಮಾರು 1 ಲಕ್ಷ 97 ಸಾವಿರ ಪ್ರಕರಣಗಳು, ಯಾರು ಬೇಕಾದರೂ ಸುಮ್ನೆ ಕೂತು ಓದಬಹುದು. ಒಂದು ಕಳ್ಳತನದ ಮೊಕದ್ದಮೆ ತೆಗೆದುಕೊಳ್ಳಿ. ಕದ್ದದ್ದು ಏನು, ಅದರ ಬೆಲೆ ಎಷ್ಟು, ಆಗ ಮನೆಯಾಕೆ ಎಲ್ಲಿದ್ದಳು, ಕೆಲಸದ ಹುಡುಗಿ ಎಷ್ಟು ಹೊತ್ತಿಗೆ ಬಾಗಿಲು ಹಾಕಿದಳು, ಎಲ್ಲಾ ಸಾಕ್ಷಿಯಲ್ಲಿ ಬರುತ್ತದೆ. ಬರೆದವರು ಬರೆದದ್ದು ಕಳ್ಳನ ಸಲುವಾಗಿ. ಇವತ್ತಿನ ಸಂಶೋಧಕರು ಅದರಲ್ಲೇ ಬಟ್ಟೆಬರೆಯ ಇತಿಹಾಸ ಓದುತ್ತಾರೆ, ಹೆಣ್ಣುಮಕ್ಕಳ ದುಡಿಮೆಯ ಇತಿಹಾಸ ಓದುತ್ತಾರೆ, ಜನ ಆಡುತ್ತಿದ್ದ ಮಾತಿನ ವರಸೆಯನ್ನೂ ಹಿಡಿಯುತ್ತಾರೆ. ನನಗೆ ಈ ಬಗೆಯ ದಾಖಲೆಗಳ ಮೇಲೇ ಪ್ರೀತಿ ಜಾಸ್ತಿ.

ಇನ್ನು ಇಂಟರ್ನೆಟ್ ಆರ್ಕೈವ್ 1996ರಿಂದ ವೆಬ್ ಪುಟಗಳನ್ನೇ ಕಾಪಿಡುತ್ತಾ ಬಂದಿದೆ, ಜೆನೋಡೊ ಥರದ ಕಡೆ ಸಂಶೋಧನೆಯ ಕಚ್ಚಾ ಅಂಕಿಅಂಶಗಳು, ಪ್ರೋಗ್ರಾಂಗಳು ಸಿಗುತ್ತವೆ. ಅವು ಆಮೇಲೆ ಆಗಲಿ. ಈಗ ಜೇಸ್ಟೋರಿನಲ್ಲಿ ನಿಮ್ಮ ವಿಷಯದ ಮೂರು ಲೇಖನ ಓದಿ, ಆ ಲೇಖಕರು ಅಡಿಟಿಪ್ಪಣಿಯಲ್ಲಿ ಯಾವ ಮೂಲ ದಾಖಲೆ ಹೆಸರಿಸಿದ್ದಾರೆ ನೋಡಿ, ಅದನ್ನೇ ಹುಡುಕಿಕೊಂಡು ಹೋಗಿ.

ಪ್ರಶ್ನೆ: ಒಂದು ಹಳೆಯ ಕನ್ನಡ ಪತ್ರಿಕೆಯ ಡಿಜಿಟಲ್ ಸಂಗ್ರಹದಲ್ಲಿ ನಮ್ಮ ತಾತನವರ ಹೆಸರು ಹುಡುಕಿದೆ. 'ಫಲಿತಾಂಶ ಇಲ್ಲ' ಅಂತ ಬಂತು. ಆದರೆ ಅವರ ಬಗ್ಗೆ ಅದರಲ್ಲಿ ಬಂದಿದ್ದನ್ನು ಚಿಕ್ಕವನಿದ್ದಾಗ ನಾನೇ ಓದಿದ್ದೇನೆ. ನನ್ನ ನೆನಪೇ ತಪ್ಪಿರಬಹುದೇ? — ಒಬ್ಬ ನಿವೃತ್ತ ಶಿಕ್ಷಕರು

ನಿಮ್ಮ ನೆನಪನ್ನೇ ನಂಬಿ ಮೇಷ್ಟ್ರೇ. ಈ ತಿಂಗಳು ಬಂದ ಪತ್ರಗಳಲ್ಲಿ ನನ್ನನ್ನು ತುಂಬಾ ಕಾಡಿದ್ದು ಇದೇ, ಯಾಕೆಂದರೆ 'ಇಲ್ಲ' ಅನ್ನುವ ಆ ಒಂದು ಸಾಲು ನೋಡಿ ಎಷ್ಟು ಜನ ಅಲ್ಲಿಗೇ ಕೈಬಿಟ್ಟಿರಬಹುದು ಅಂತ ಯೋಚಿಸಿದರೆ ಸಂಕಟ ಆಗುತ್ತದೆ.

ನೀವು ಹೆಸರು ಟೈಪ್ ಮಾಡಿದಾಗ ಕಂಪ್ಯೂಟರು ಪತ್ರಿಕೆಯ ಪುಟ ನೋಡುವುದಿಲ್ಲ. ಪುಟ ಅದಕ್ಕೆ ಬರೀ ಚಿತ್ರ. ಆ ಚಿತ್ರದಿಂದ ಒಂದು ಪ್ರೋಗ್ರಾಂ ಅಕ್ಷರಗಳನ್ನು ಗುರುತಿಸಿ ಪಠ್ಯ ತಯಾರಿಸಿರುತ್ತದೆ, ಅದನ್ನು ಒಸಿಆರ್ ಅನ್ನುತ್ತಾರೆ, ಹುಡುಕಾಟ ನಡೆಯುವುದು ಆ ಪಠ್ಯದಲ್ಲಿ. ಅಲ್ಲಿ ತಪ್ಪಿದರೆ ಮುಗಿಯಿತು. ಹದಿನೆಂಟನೇ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ಎಸ್ ಅಕ್ಷರಕ್ಕೆ ಉದ್ದನೆಯ ಒಂದು ರೂಪ ಇತ್ತು, ನೋಡಲು ಎಫ್ ಥರವೇ. ಯಂತ್ರಗಳು ಅದನ್ನು ಎಫ್ ಅಂತಲೇ ಓದಿ ಲಕ್ಷಗಟ್ಟಲೆ ಪದಗಳನ್ನು ಕೆಡಿಸಿದವು. ಇಂಗ್ಲಿಷಿಗೇ ಹೀಗಾದರೆ ಕನ್ನಡದ ಗತಿ ಊಹಿಸಿ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿದಿರುತ್ತದೆ, ಶಾಯಿ ಮಸುಕಾಗಿದ್ದರೆ ಒತ್ತೇ ಹಾರಿಹೋಗುತ್ತದೆ. 'ಮ' ಮತ್ತು 'ವು' ನಡುವೆ ಮನುಷ್ಯರ ಕಣ್ಣೇ ಎಷ್ಟೋ ಸಲ ತಡವರಿಸುತ್ತದೆ. ಅದರ ಮೇಲೆ, ಹೆಸರು ಸಾಲಿನ ಕೊನೆಗೆ ಬಂದು ಅರ್ಧ ಈ ಸಾಲಿಗೆ, ಅರ್ಧ ಮುಂದಿನ ಸಾಲಿಗೆ ಮುರಿದಿದ್ದರೆ ಯಂತ್ರಕ್ಕೆ ಅದು ಎರಡು ಬೇರೆ ಪದ.

ಇನ್ನೂ ಒಂದು ಇದೆ. ಪತ್ರಿಕೆಯಲ್ಲಿ 'ರಾಮಯ್ಯ' ಅಂತ ಬಿಡಿಯಾಗಿ ಬರೆಯುವುದು ಅಪರೂಪ. 'ರಾಮಯ್ಯನವರಿಗೆ', 'ರಾಮಯ್ಯನವರಿಂದ' ಅಂತ ಇರುತ್ತದೆ ಅಲ್ವಾ? ಕೆಲವು ತಾಣಗಳು ಪೂರ್ತಿ ಪದ ಹೊಂದಿದರೆ ಮಾತ್ರ ತೋರಿಸುತ್ತವೆ. ಹಾಗಾಗಿ ವಿಭಕ್ತಿ ಸೇರಿಸಿ ಹುಡುಕಿ. ಹೆಸರಿನ ಮೊದಲ ಎರಡು ಅಕ್ಷರ ಕೊಟ್ಟು ನೋಡಿ. ಅನುಸ್ವಾರ ಇರುವುದು, ಇಲ್ಲದ್ದು, ಮಹಾಪ್ರಾಣ ಬಿಟ್ಟದ್ದು, ಎಲ್ಲಾ ರೂಪದಲ್ಲೂ ಪ್ರಯತ್ನಿಸಿ.

ಇವತ್ತಿನ ಪದವೂ ಮೋಸ ಮಾಡುತ್ತದೆ. 1916ರ ಪತ್ರಿಕೆಯಲ್ಲಿ 'ಮೊದಲನೇ ಮಹಾಯುದ್ಧ' ಅಂತ ಹುಡುಕಿದರೆ ಏನು ಸಿಗುತ್ತೆ? ಎರಡನೆಯದು ಆಗ ನಡೆದೇ ಇರಲಿಲ್ಲ, ಅವರಿಗೆ ಅದು ಬರೀ ಮಹಾಯುದ್ಧ. ಇಂಗ್ಲಿಷ್ ದಾಖಲೆಗಳಲ್ಲೂ ಅಷ್ಟೇ, ಇಂದಿನ ಟಿಬಿಗೆ ಅಂದು 'ಕನ್ಸಂಪ್ಷನ್' ಅನ್ನುತ್ತಿದ್ದರು. ಆ ಕಾಲದ ಒಂದೆರಡು ಸಂಚಿಕೆ ಸುಮ್ನೆ ಓದಿ, ಅವರ ಮಾತು ಕಿವಿಗೆ ಬೀಳಲಿ, ಆಮೇಲೆ ಹುಡುಕಲು ಕೂರಿ.

ಕೈಬರಹದ ಕಾಗದ, ದಿನಚರಿ, ಲೆಕ್ಕದ ಪುಸ್ತಕ ಆದರೆ ಎಷ್ಟೋ ಕಡೆ ಒಳಗಿನ ಪಠ್ಯವೇ ಇರುವುದಿಲ್ಲ. ಯಾರೋ ಬರೆದಿಟ್ಟ ಒಂದು ಸಾಲಿನ ವಿವರಣೆ ಇರುತ್ತದೆ, 'ಪತ್ರಗಳು, ಒಂದು ಕಟ್ಟು' ಅಂತ, ಅಷ್ಟೇ. ಆ ವಿವರಣೆಯೂ ತಪ್ಪಿರಬಹುದು. ಗೂಗಲ್ ಬುಕ್ಸ್‌ನಲ್ಲಿ ಯಾವ್ಯಾವುದೋ ಕಾಲದ ರಾಶಿ ಪುಸ್ತಕಗಳಿಗೆ 1899 ಅನ್ನುವ ಇಸವಿ ಬಿದ್ದಿದೆ ಎಂದು ಭಾಷಾವಿಜ್ಞಾನಿ ಜೆಫ್ರಿ ನನ್‌ಬರ್ಗ್ 2009ರಲ್ಲಿ ತೋರಿಸಿಕೊಟ್ಟರು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಹುಡುಕುವ ಪೆಟ್ಟಿಗೆಯನ್ನು ಬದಿಗಿಡಿ. ತಾತನವರ ಸುದ್ದಿ ಬಂದದ್ದು ಯಾವ ವರ್ಷ, ಮಳೆಗಾಲವೋ ಬೇಸಿಗೆಯೋ, ಯಾವ ಸಂದರ್ಭ, ಇಷ್ಟು ನೆನಪಿಗೆ ತಂದುಕೊಳ್ಳಿ. ಆ ತಿಂಗಳುಗಳ ಸಂಚಿಕೆ ತೆರೆದು ಒಂದೊಂದೇ ಪುಟ ತಿರುವಿ. ಎರಡು ಮೂರು ಸಂಜೆ ಹೋಗಬಹುದು. ಸಿಕ್ಕರೆ ದಯವಿಟ್ಟು ಬರೆದು ತಿಳಿಸಿ.

ಪ್ರಶ್ನೆ: ಸ್ಕ್ಯಾನ್ ಅಂದರೆ ಫೋಟೋ ಇದ್ದ ಹಾಗೆ. ಅದರಲ್ಲಿ ತಪ್ಪು ಬರೋಕೆ ಹೇಗೆ ಸಾಧ್ಯ? — ಗುಮಾಸ್ತರೊಬ್ಬರು

ಬರುತ್ತದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ತಜ್ಞರು ಒಂದು ಕಟ್ಟಡದ ನಕ್ಷೆಯ ಪ್ರತಿ ನೋಡುತ್ತಿದ್ದರು. ಕೋಣೆಗಳ ಅಳತೆ ಬದಲಾಗಿತ್ತು. ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಫೈಲಿನ ಗಾತ್ರ ಕಡಿಮೆ ಮಾಡಲು, ಒಂದೇ ಥರ ಕಾಣುವ ಸಣ್ಣ ತುಣುಕುಗಳಿಗೆ ಒಂದೇ ತುಣುಕನ್ನು ಎಲ್ಲಾ ಕಡೆ ಅಂಟಿಸುತ್ತಿದ್ದವು. ಹಾಗಾಗಿ 6 ಇದ್ದಲ್ಲಿ 8 ಬಂದು ಕೂತಿತ್ತು, ಅದೂ ಸ್ಪಷ್ಟವಾಗಿ, ಅನುಮಾನವೇ ಬಾರದ ಹಾಗೆ. ಕಂಪನಿ ಆಮೇಲೆ ಸರಿಪಡಿಸಿತು. ಅಂಕಿಗಳ ಮೇಲೆ ನಿಂತ ಕೆಲಸ ಇದ್ದರೆ ಕೂಡಿಸಿ ನೋಡಿ, ಪುಟದ ಕೆಳಗಿನ ಮೊತ್ತಕ್ಕೆ ತಾಳೆ ಆಗಬೇಕು.

ಆದರೆ ಚಿತ್ರ ಮೂಲಕ್ಕಿಂತ ಹೆಚ್ಚು ಹೇಳಿದ್ದೂ ಇದೆ. ಆರ್ಕಿಮಿಡೀಸನ ಬರಹಗಳ ಹತ್ತನೇ ಶತಮಾನದ ಒಂದು ಚರ್ಮದ ಹಸ್ತಪ್ರತಿಯನ್ನು ಹದಿಮೂರನೇ ಶತಮಾನದಲ್ಲಿ ಉಜ್ಜಿ ಅಳಿಸಿ, ಅದರ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಚಿತ್ರ ತೆಗೆದಾಗ ಅಳಿಸಿದ ಸಾಲುಗಳು ಮೇಲೆದ್ದು ಬಂದವು. 2008ರಲ್ಲಿ ಆ ಚಿತ್ರಗಳನ್ನೆಲ್ಲ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಚರ್ಮದ ಹಾಳೆಯನ್ನು ಕೈಯಲ್ಲಿ ಹಿಡಿದವರಿಗೂ ಕಾಣದ್ದು ನಮಗೆ ಮನೆಯಲ್ಲಿ ಕೂತು ಕಾಣುತ್ತದೆ!

ಪ್ರಶ್ನೆ: ಪ್ರಿಪ್ರಿಂಟ್, ಅಂದರೆ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಹೊರಬಿಟ್ಟ ಲೇಖನವನ್ನು ಉಲ್ಲೇಖಿಸಬಹುದೇ?

ಧಾರಾಳವಾಗಿ. ಇನ್ನೂ ಬೇರೆ ವಿದ್ವಾಂಸರು ಪರಿಶೀಲಿಸಿಲ್ಲ ಅನ್ನುವುದು ನೆನಪಿರಲಿ, ಎಷ್ಟನೇ ಆವೃತ್ತಿ ಅಂತ ಕಡ್ಡಾಯವಾಗಿ ಬರೆಯಿರಿ. ನಾನೊಮ್ಮೆ ಮೊದಲ ಆವೃತ್ತಿಯ ಒಂದು ಅಂಕಿ ಬರೆದುಕೊಂಡಿದ್ದೆ, ಎರಡನೆಯದರಲ್ಲಿ ಲೇಖಕರು ಅದನ್ನು ತಿದ್ದಿದ್ದರು.

ಪ್ರಶ್ನೆ: ನಮ್ಮ ಸಂಘದ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದಾಯಿತು. ಇನ್ನು ಕಾಗದ ಯಾಕೆ, ತೂಕಕ್ಕೆ ಹಾಕೋಣ ಅಂತಿದ್ದಾರೆ. ಏನಂತೀರಿ? — ಕಾರ್ಯದರ್ಶಿ

ದಯವಿಟ್ಟು ಹಾಕಬೇಡಿ. ಇಂಗ್ಲೆಂಡಿನಲ್ಲಿ 1086ರಲ್ಲಿ ಜಮೀನು, ಜನ, ದನಕರುಗಳ ಲೆಕ್ಕವನ್ನು ಡೂಮ್ಸ್‌ಡೇ ಪುಸ್ತಕದಲ್ಲಿ ಬರೆದಿಟ್ಟರು. ಚರ್ಮದ ಹಾಳೆ, ಇಂದಿಗೂ ಓದಬಹುದು. ಅದಕ್ಕೆ 900 ವರ್ಷ ತುಂಬಿತು ಅಂತ 1986ರಲ್ಲಿ ಬಿಬಿಸಿ ಹೊಸದೊಂದು ಡೂಮ್ಸ್‌ಡೇ ಮಾಡಿತು, ಶಾಲೆಯ ಮಕ್ಕಳೂ ಸೇರಿ ಲಕ್ಷಗಟ್ಟಲೆ ಜನ ಊರೂರಿನ ವಿವರ, ಫೋಟೋ ಕಳಿಸಿದರು, ಎಲ್ಲವನ್ನೂ ಆ ಕಾಲದ ಲೇಸರ್ ಡಿಸ್ಕಿನಲ್ಲಿ ತುಂಬಿದರು. 15 ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕ್ ಓದುವ ಯಂತ್ರಗಳೇ ಸಿಗದಂತಾದವು. ಸಂಶೋಧಕರು ಹೆಣಗಾಡಿ ಹಳೆಯ ಕಂಪ್ಯೂಟರಿನಂತೆ ವರ್ತಿಸುವ ಪ್ರೋಗ್ರಾಂ ಬರೆದು ಅದನ್ನು ಉಳಿಸಿಕೊಂಡರು.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆದಾಗ ಅದರ ಆನ್‌ಲೈನ್ ಸೂಚಿಯೇ ತಿಂಗಳುಗಟ್ಟಲೆ ಸಿಗಲಿಲ್ಲ. ಕಾಗದ ಒಣ ಜಾಗದಲ್ಲಿ ಇರಲಿ, ಸ್ಕ್ಯಾನಿನ ಮೂರು ಪ್ರತಿ ಮೂರು ಬೇರೆ ಕಡೆ ಇರಲಿ. ಪ್ರತಿ ಫೈಲಿಗೂ ಇಸವಿ, ವಿಷಯ, ಯಾರು ಬರೆದದ್ದು ಅಂತ ಹೆಸರಿಡಿ. 'ಸ್ಕ್ಯಾನ್ 0047' ಅಂತ ಬಿಟ್ಟರೆ ಹತ್ತು ವರ್ಷದ ಮೇಲೆ ನಿಮಗೇ ಗೊತ್ತಾಗುವುದಿಲ್ಲ.

ಪ್ರಶ್ನೆ: ನಾನು ಗೃಹಿಣಿ, ಮಧ್ಯಾಹ್ನ ಬಿಡುವಿರುತ್ತದೆ. ಹಳೆಯ ಕೈಬರಹ ಓದೋದು ಇಷ್ಟ. ಇದು ಯಾರಿಗಾದರೂ ಉಪಯೋಗ ಆಗುತ್ತದೆಯೇ?

ಖಂಡಿತ ಆಗುತ್ತದೆ. 2010ರಲ್ಲಿ 'ಓಲ್ಡ್ ವೆದರ್' ಅಂತ ಒಂದು ಕೆಲಸ ಶುರುವಾಯಿತು. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ನೌಕಾಪಡೆಯ ಹಡಗುಗಳಲ್ಲಿ ಅಧಿಕಾರಿಗಳು ಪ್ರತಿದಿನ ಗಾಳಿ ಯಾವ ಕಡೆಯಿಂದ, ಒತ್ತಡ ಎಷ್ಟು, ತಾಪಮಾನ ಎಷ್ಟು ಅಂತ ದಿನಚರಿಯಲ್ಲಿ ಬರೆದಿದ್ದರು. ಯಂತ್ರಕ್ಕೆ ಆ ಬರಹ ಓದಲು ಆಗಲಿಲ್ಲ. ನಿಮ್ಮಂಥ ಸಾವಿರಾರು ಜನ ಮನೆಯಲ್ಲಿ ಕೂತು ಓದಿ ಟೈಪ್ ಮಾಡಿದರು. ಹವಾಮಾನ ವಿಜ್ಞಾನಿಗಳು ಈಗ ಆ ಅಂಕಿಗಳನ್ನು ಬಳಸುತ್ತಾರೆ, ಯಾಕೆಂದರೆ ನೂರು ವರ್ಷದ ಹಿಂದೆ ನಡುಸಮುದ್ರದಲ್ಲಿ ಗಾಳಿ ಹೇಗಿತ್ತು ಅಂತ ಹೇಳಲು ಅವರಿಗೆ ಇರುವ ಸಾಕ್ಷಿಗಳೇ ಕಡಿಮೆ.

ಜೂನಿವರ್ಸ್ ಅನ್ನುವ ತಾಣದಲ್ಲಿ ಇಂಥ ಬೇರೆ ಬೇರೆ ಕೆಲಸಗಳು ನಡೆಯುತ್ತಿರುತ್ತವೆ, ಮೊದಲು ಅಭ್ಯಾಸದ ಪುಟ ಕೊಡುತ್ತಾರೆ. ದಿನಕ್ಕೆ ಒಂದು ಪುಟ ಸಾಕು. ಯಾವುದಾದರೂ ಪದ ಓದಲು ಬರದಿದ್ದರೆ ಊಹಿಸಿ ತುಂಬಬೇಡಿ, 'ಸ್ಪಷ್ಟವಿಲ್ಲ' ಅಂತ ಗುರುತು ಹಾಕಿ ಮುಂದೆ ಹೋಗಿ. ಅದೇ ಪುಟವನ್ನು ಓದುವ ಇನ್ನೊಬ್ಬರಿಗೆ ಅದು ಕಂಡೀತು.