ದೋಸೆ ಬಿಡಿ, ಉಪ್ಪು ಹಿಡಿಯಿರಿ

ಮೇಷ್ಟ್ರೇ, ನಮಸ್ಕಾರ.

ಅಯಸ್ಕಾಂತದ ಎದುರು ಪರಮಾಣುವಿನ ಶಕ್ತಿಮಟ್ಟಗಳು (ಅದರ ಎಲೆಕ್ಟ್ರಾನಿಗೆ ಇರಬಹುದಾದ ನಿಗದಿತ ಶಕ್ತಿಗಳು) ಹೇಗೆ ಒಡೆಯುತ್ತವೆ ಎಂದು ದಾವಣಗೆರೆಯಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಬ್ರಹ್ಮಾಂಡ, ಋಷಿಮುನಿ, ನಿಗೂಢ ಶಕ್ತಿ. ತೆಗೆದುಬಿಡಿ. ಮೂರನೇ ಪುಟದಲ್ಲಿ ಮಂಡಕ್ಕಿ ಒಗ್ಗರಣೆ ಮಾಡುವಾಗ ಗ್ಯಾಸಿನ ನೀಲಿ ಉರಿಗೆ ಉಪ್ಪು ಬಿದ್ದು ಹಳದಿಯಾದದ್ದನ್ನು ಒಂದೇ ಸಾಲಿನಲ್ಲಿ ಹೇಳಿ ಓಡಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿ! ಆ ಹಳದಿ ಸೋಡಿಯಂನದು. 1896ರಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಭೌತವಿಜ್ಞಾನಿ ಪೀಟರ್ ಜೀಮನ್ ಅಯಸ್ಕಾಂತದ ನಡುವೆ ಇಟ್ಟು ನೋಡಿದ್ದೂ ಅದೇ ಹಳದಿಯನ್ನು.

ಎಲೆಕ್ಟ್ರಾನ್ ಮೇಲಿನ ಮಟ್ಟದಿಂದ ಕೆಳಗಿಳಿದಾಗ ಹೊಮ್ಮುವ ಈ ಬೆಳಕನ್ನು ಬಿಡಿಸಿ ನೋಡಿದರೆ ತೆಳುವಾದ ಗೆರೆಗಳಾಗಿ ಕಾಣುತ್ತದೆ; ಮಟ್ಟ ಸರಿದರೆ ಗೆರೆಯೂ ಸರಿಯುತ್ತದೆ. ಜೀಮನ್‌ಗೆ ಒಂದು ಗೆರೆ ಮೂರಾಗಿ ಕಂಡಿತು ಎಂದಿದ್ದೀರಿ. ಇಲ್ಲ, ಮೊದಲು ಕಂಡದ್ದು ಗೆರೆ ಅಗಲವಾದದ್ದು ಅಷ್ಟೇ. ಅದಕ್ಕೂ ಮುಂಚೆ, 1862ರಲ್ಲಿ, ಫ್ಯಾರಡೆ ಇಂಥದ್ದೇ ಪ್ರಯತ್ನ ಮಾಡಿ ಏನೂ ಕಾಣದೆ ಕೈಬಿಟ್ಟಿದ್ದರು. ಯಾಕೆ? ಹಳದಿ ಬೆಳಕಿನ ಶಕ್ತಿ 2.1 ಎಲೆಕ್ಟ್ರಾನ್ ವೋಲ್ಟ್ (ಪರಮಾಣುವಿನ ಮಟ್ಟದ ಶಕ್ತಿ ಅಳೆಯುವ ಮಾನ). 1 ಟೆಸ್ಲಾದಷ್ಟು ಬಲವಾದ ಕಾಂತಕ್ಷೇತ್ರದಲ್ಲೂ ಮಟ್ಟ ಸರಿಯುವುದು ಸುಮಾರು 0.00006 ಎಲೆಕ್ಟ್ರಾನ್ ವೋಲ್ಟ್‌ನಷ್ಟು. ಈ ಅಳತೆ ನಿಮ್ಮಲ್ಲಿ ಎಲ್ಲೂ ಇಲ್ಲ. ಫ್ಯಾರಡೆ ಕೈಗೆ ಅದು ಯಾಕೆ ಸಿಗಲಿಲ್ಲ ಅನ್ನೋದು ಓದುಗರಿಗೆ ಗೊತ್ತಾಗುವುದೇ ಇದರಿಂದ.

ಇನ್ನು ಬೆಣ್ಣೆ ದೋಸೆ. ದೋಸೆ ಕತ್ತರಿಸಿದಂತೆ ಮಟ್ಟ ತುಂಡಾಗುತ್ತದೆ ಎಂದಿದ್ದೀರಿ. ಬಾಯಲ್ಲಿ ನೀರೂರಿತು, ವಿಷಯ ಕೆಟ್ಟಿತು. ಅಲ್ಲಿ ಏನೂ ತುಂಡಾಗುವುದಿಲ್ಲ. ಹೋಲಿಕೆ ಬೇಕೇ ಬೇಕು ಅಂದರೆ ಪಕ್ಕದ ಚಿತ್ರದುರ್ಗದ ಗಾಳಿ ಇದೆಯಲ್ಲ, ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವ ಗಾಳಿ. ಅದು ನಿಂತಾಗ ಸೈಕಲ್ಲು ಯಾವ ಕಡೆ ತುಳಿದರೂ ಶ್ರಮ ಒಂದೇ. ಬೀಸತೊಡಗಿದರೆ ಗಾಳಿಯ ಜೊತೆ ಹೋಗುವವನಿಗೆ ಸಲೀಸು, ಎದುರು ಹೋಗುವವನಿಗೆ ಕಷ್ಟ. ದಾರಿಗಳು ಮೊದಲೇ ಇದ್ದವು, ವ್ಯತ್ಯಾಸ ಈಗ ಗೊತ್ತಾಯಿತು. ಪರಮಾಣುವೂ ಒಂದು ಪುಟ್ಟ ಅಯಸ್ಕಾಂತದಂತೆ. ಅದು ವಾಲಬಹುದಾದ ದಿಕ್ಕುಗಳು ಬೆರಳೆಣಿಕೆಯಷ್ಟೇ. ಅದಕ್ಕೇ ಗೆರೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ಎಲ್ಲ ಗೆರೆಯೂ ಮೂರಾಗುತ್ತದೆ ಅನ್ನೋದೂ ತಪ್ಪು. ಭೌತವಿಜ್ಞಾನಿ ಲೊರೆಂಟ್ಸ್ ಲೆಕ್ಕದಲ್ಲಿ ಬಂದದ್ದು ಮೂರು, ನಿಜ. ಆದರೆ ನಿಮ್ಮ ಉಪ್ಪಿನ ಹಳದಿಯಲ್ಲೇ ಎರಡು ಗೆರೆ ಇವೆ. ಒಂದು ನಾಲ್ಕಾಗುತ್ತದೆ, ಇನ್ನೊಂದು ಆರು! ಎಲೆಕ್ಟ್ರಾನಿಗೆ ತನ್ನದೇ ಸ್ಪಿನ್ (ತನ್ನಷ್ಟಕ್ಕೇ ತಿರುಗುವಂಥ ಗುಣ, ಅದರಿಂದ ಅದೂ ಒಂದು ಪುಟ್ಟ ಅಯಸ್ಕಾಂತ) ಇದೆ ಎಂದು 1925ರಲ್ಲಿ ಉಹ್ಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಹೇಳಿದ ಮೇಲೇ ಇದಕ್ಕೆ ಉತ್ತರ ಸಿಕ್ಕಿತು. ಸುಮಾರು ಮೂವತ್ತು ವರ್ಷದ ಈ ಒಗಟನ್ನು ಬಿಟ್ಟು ಋಷಿಮುನಿಗಳ ಹಿಂದೆ ಹೋದಿರಲ್ಲ!

1908ರಲ್ಲಿ ಖಗೋಳ ವಿಜ್ಞಾನಿ ಹೇಲ್ ಹೀಗೆ ಒಡೆದ ಗೆರೆಗಳಿಂದ ಸೂರ್ಯನ ಕಲೆಗಳಲ್ಲಿ ಕಾಂತಕ್ಷೇತ್ರ ಗುರುತಿಸಿದ ಪ್ಯಾರಾ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ತಿದ್ದಿ ಕಳಿಸಿ. ಒಗ್ಗರಣೆ ಹಾಕುತ್ತಿದ್ದವರು ಯಾರು, ಉಪ್ಪು ಹೇಗೆ ಚೆಲ್ಲಿತು ಅನ್ನೋದನ್ನೂ ಬರೆಯಿರಿ.